ರೆಡಿ ಐತ್ರಿ, ಇಸ್ತ್ರಿ ಅಷ್ಟ ಬಾಕಿ

ಯಾರಾದರೂ "ರೆಡಿ ಐತಿ, ಬರ್ರಿ" ಅಂದರೆ ನಾನು ಮೊದಲು ಕೂಡಲಿಕ್ಕೆ ಜಾಗ ಎಲ್ಲಿದೆ ಅಂತ ನೋಡುತ್ತೇನೆ. ಈ ಗ್ರಹಚಾರ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಮೊನ್ನೆ ಕನ್ನಡಕದ ಅಂಗಡಿಯವನು ರೆಡಿ ಅಂತ ಹೇಳಿಕಳಿಸಿದ. ಹೋದೆ. ಒಂದು ಗಾಜು ಕೂಡಿಸಿದ್ದ, ಇನ್ನೊಂದು ಕಡೆ ಬರೀ ತೂತು. "ಏನಪ್ಪಾ ಇದು?" ಅಂದೆ. "ಮೊದಲ ಹಾಕ್ಕೊಂಡು ನೋಡ್ರಿ, ಅರ್ಧ ಕಾಣ್ತೈತಿಲ್ಲೋ?" ಅಂದ. ಹಾಕಿಕೊಂಡೆ. ಕಂಡಿತು. ಸ್ಟೂಲು ಹುಡುಕಿ ಕೂತೆ.

ನನಗೆ ಬರುವ ಇಂಗ್ಲಿಷು ಬಹಳ ಕಡಿಮೆ. ಅಷ್ಟರಲ್ಲೂ ನನ್ನನ್ನು ಊರೂರು ತಿರುಗಿಸಿದ ಶಬ್ದ ಇದೊಂದೇ. ಸಾಲಿಯಲ್ಲಿ ಮಾಸ್ತರು ಬೋರ್ಡಿನ ಮೇಲೆ ಬರೆದು ಕಲಿಸಿದ್ದರು: ರೆಡಿ ಅಂದರೆ ಸಿದ್ಧ, ಸಜ್ಜು, ಅಣಿ, ತಯಾರು. ಬಾಯಿಪಾಠ ಮಾಡಿದ್ದೆ. ಐದು ಊರು ಸುತ್ತಿದ ಮೇಲೆ ತಿಳಿಯಿತು, ನಮ್ಮ ಜನ ಆ ಶಬ್ದಕ್ಕೆ ಈ ಯಾವ ಕೆಲಸವನ್ನೂ ಕೊಟ್ಟಿಲ್ಲ.

ಕೂಡ್ಲಿಗಿ: ಸುಣ್ಣದ ಗೆರಿ

ಹುಟ್ಟಿದ್ದು, ಸಾಲಿಗೆ ಹೋಗಿದ್ದು ಕೂಡ್ಲಿಗಿ. ಸಾಲಿ ಬಿಟ್ಟದ್ದೂ ಅಲ್ಲೇ. ಓಟದ ಪಂದ್ಯ ಇತ್ತು. ಡ್ರಿಲ್ ಮಾಸ್ತರು ನಮ್ಮನ್ನೆಲ್ಲ ಸುಣ್ಣದ ಗೆರಿ ಮೇಲೆ ನಿಲ್ಲಿಸಿ "ರೆಡಿ" ಅಂದರು. ನಾನು ರೆಡಿ ಇದ್ದೆ, ಓಡಿದೆ.

"ಲೇ, ಒನ್ ಟೂ ತ್ರೀ ಇನ್ನಾ ಅಂದಿಲ್ಲಲೇ, ನಿಂದ್ರಲೇ!" ಅಂತ ಹಿಂದಿನಿಂದ ಕೂಗು ಬಂತು. ತಿರುಗಿ ನೋಡಿದರೆ ಮಾಸ್ತರು ಬೆತ್ತ ಹಿಡಿದುಕೊಂಡು ನನ್ನ ಹಿಂದೆಯೇ ಬರುತ್ತಿದ್ದಾರೆ. ಇನ್ನೂ ಜೋರು ಓಡಿದೆ. ಪಂದ್ಯ ಗೆದ್ದೆನೋ ಸೋತೆನೋ ಇವತ್ತಿಗೂ ಗೊತ್ತಿಲ್ಲ. ಆ ಬೆತ್ತದ ಹೆದರಿಕೆಗೆ ಮತ್ತೆ ಸಾಲಿ ಕಡೆ ತಲೆ ಹಾಕಲಿಲ್ಲ.

ಒಂದು ತಿಂಗಳು ಬಿಟ್ಟು ಅವ್ವ ಕೇಳಿದಳು. "ಸಾಲಿ ಬಿಟ್ಟೇನಲೇ?"

"ಇಲ್ಲವ್ವಾ, ಇನ್ನಾ ಓಡಾಕತ್ತೀನಿ."

ಆ ಓಟ ದೊಡ್ಡವನಾದ ಮೇಲೂ ನಿಲ್ಲಲಿಲ್ಲ. ಒಂದು ಊರಿನಲ್ಲಿ ಮೂರು ತಿಂಗಳು, ಇನ್ನೊಂದರಲ್ಲಿ ಆರು. ನಷ್ಟ ಏನೂ ಇರಲಿಲ್ಲ, ಹಂಪಸಾಗರದ ಸೋದರಮಾವನಿಗೆ ಮಗಳೊಬ್ಬಳು ಇಲ್ಲದಿದ್ದರೆ. ಆಕೆ ನನಗೇ ಅಂತ ನಾವಿಬ್ಬರೂ ತೊಟ್ಟಿಲಲ್ಲಿದ್ದಾಗಿನ ಮಾತು. ಮಾವನದು ಹಿಟ್ಟಿನ ಗಿರಣಿ. ಮುಖಕ್ಕೆ ಹೊಡೆದ ಹಾಗೆ "ಇಲ್ಲ" ಅನ್ನುವ ಮನುಷ್ಯ ನಮ್ಮ ಸೀಮೆಯಲ್ಲಿ ಅವನೊಬ್ಬನೇ.

"ನಿಂತಲ್ಲಿ ನಿಂದ್ರದವನಿಗೆ ಹೆಣ್ಣು ಇಲ್ಲ," ಅಂದ. "ಯಾವುದಾರ ಒಂದು ಕೆಲಸದಾಗ ಯುಗಾದಿಯಿಂದ ಯುಗಾದಿ ತನಕ ನಿಂತು ತೋರಸು. ಆಮ್ಯಾಲೆ ಮಾತಾಡೂಣು. ಅಷ್ಟರಾಗ ಚಲೋ ಸಂಬಂಧ ಬಂದರ ನಾ ಕಾಯಾಂವಲ್ಲ."

ಮಾವನ ಮಗಳು ಬಾಗಿಲ ಸಂದಿಯಿಂದ ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ. ಒಂದು ವರ್ಷ ನಿಲ್ಲುವುದು ಏನು ಮಹಾ ಅನ್ನಿಸಿತ್ತು.

ಕೊಟ್ಟೂರು: ಕಾಣದ ಹೊಲಿಗಿ

ಕೊಟ್ಟೂರಿನಲ್ಲಿ ಒಬ್ಬ ಟೇಲರ್ ಹತ್ತಿರ ಕಾಜಾ ಹೊಡೆಯುವುದಕ್ಕೆ, ಗುಂಡಿ ಹಚ್ಚುವುದಕ್ಕೆ ಸೇರಿದೆ. ಮೊದಲ ದಿನವೇ ಆತ ಕಾಯಿದೆ ಹೇಳಿದ. "ಅಂಗಡಿಯಾಗ ನಿಂತು ಇಲ್ಲ ಅನಬಾರದು. ಲಕ್ಷ್ಮಿ ಎದ್ದು ಹೋಗ್ತಾಳ."

ಇದು ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಅಕ್ಕಿ ತೀರಿದರೆ ಅವ್ವ "ಅಕ್ಕಿ ಹೆಚ್ಯಾವ" ಅನ್ನುತ್ತಿದ್ದಳು. ಬಳೆ ಒಡೆದರೂ ಹೆಚ್ಚಿದವು ಅನ್ನಬೇಕು. ನಾನು ಸಣ್ಣವನಿದ್ದಾಗ ನಮ್ಮಷ್ಟು ಶ್ರೀಮಂತರು ಯಾರೂ ಇಲ್ಲ ಅಂತ ತಿಳಿದಿದ್ದೆ. ಟೇಲರ್ ಅದಕ್ಕೊಂದು ಹೊಸ ದಾರಿ ಕಂಡುಕೊಂಡಿದ್ದ. ಇಲ್ಲ ಅನ್ನುವ ಕಡೆಯೆಲ್ಲ ರೆಡಿ ಅನ್ನುತ್ತಿದ್ದ. ಅದರಲ್ಲೂ ಮೆಟ್ಟಿಲುಗಳಿದ್ದವು. "ರೆಡಿ" ಅಂದರೆ ಬಟ್ಟೆ ಬಂದು ಮುಟ್ಟಿದೆ. "ರೆಡಿನೇ ಐತಿ" ಅಂದರೆ ಎಲ್ಲಿ ಇಟ್ಟೆ ಅನ್ನುವುದು ನೆನಪಿದೆ. "ಪೂರಾ ರೆಡಿ" ಅಂದರೆ ನಾಳೆ ಕತ್ತರಿ ಹಾಕುತ್ತೇನೆ. "ಪೂರಾ ರೆಡಿ, ಇಸ್ತ್ರಿ ಅಷ್ಟ ಬಾಕಿ" ಅಂದರೆ ಗಿರಾಕಿಗೆ ಸಿಟ್ಟು ಬಂದಿದೆ.

ನನಗೆ ಈ ಮೆಟ್ಟಿಲು ತಿಳಿಯುವುದರೊಳಗೆ ಒಬ್ಬ ಹೆಡ್ ಮಾಸ್ತರು ಬಂದರು. ಅವತ್ತು ಸಂಜೆ ಅವರ ನಿವೃತ್ತಿ ಸಮಾರಂಭ. ಅದಕ್ಕೆಂದೇ ಕೋಟಿನ ಬಟ್ಟೆ ಕೊಟ್ಟು ಹೋಗಿದ್ದರು.

"ಕೋಟು?"

"ರೆಡಿ ಐತ್ರಿ ಸರ."

"ಹೋದ ವಾರನೂ ರೆಡಿ ಅಂದಿದ್ದಿ."

"ಪೂರಾ ರೆಡಿ ಸರ. ಇಸ್ತ್ರಿ ಅಷ್ಟ ಬಾಕಿ."

"ಇಸ್ತ್ರಿ ಬ್ಯಾಡ. ಮನಿಯಾಗ ಮಾಡ್ಕೊಂತೀನಿ. ಹಂಗ ಕೊಡು."

ಟೇಲರ್ ಹಣೆಯ ಮೇಲೆ ಬೆವರು ಬಂತು. ದಾರ ಹುಡುಕಿದ, ಕತ್ತರಿ ಹುಡುಕಿದ, ಕೊನೆಗೆ ನನ್ನ ಮುಖ ನೋಡಿದ. ಪಾಪ, ಕೆಲಸದಲ್ಲಿದ್ದಾನೆ, ನಾನೇ ತಂದುಕೊಡಲಿ ಅಂತ ನೋಡುತ್ತಿದ್ದಾನೆ ಅಂದುಕೊಂಡೆ. ಒಳಗೆ ಹೋಗಿ ಆ ಗಂಟನ್ನು ತಂದು ಹೆಡ್ ಮಾಸ್ತರ ಕೈಗೆ ಇಟ್ಟು "ತಗೋರಿ ಸರ, ರೆಡಿ" ಅಂದೆ.

ಅವರೇ ಕಟ್ಟಿಕೊಟ್ಟಿದ್ದ ಗಂಟು, ಅವರೇ ಹಾಕಿದ್ದ ಹುರಿ. ಅವರು ನಿಧಾನಕ್ಕೆ ಬಿಚ್ಚಿದರು. ಬಟ್ಟೆಯನ್ನು ಬೆಳಕಿಗೆ ಹಿಡಿದರು, ಬೆರಳಿನಿಂದ ಸವರಿದರು, ಹಿಂದೆ ಮುಂದೆ ತಿರುವಿದರು.

"ಭಾಳ ಚಂದ ಹೊಲ್ದೀಯಪ್ಪಾ," ಅಂದರು. "ಹೊಲಿಗಿ ಎಲ್ಲೈತಂತ ಗೊತ್ತೇ ಆಗಾಂಗಿಲ್ಲ."

ಅವತ್ತು ಸಂಜೆ ಅವರು ಅದೇ ಬಟ್ಟೆಯನ್ನು ಶಾಲಿನ ಹಾಗೆ ಹೊದ್ದುಕೊಂಡು ಹಾರ ಹಾಕಿಸಿಕೊಂಡರಂತೆ. ನನ್ನನ್ನು ಮಾತ್ರ ಟೇಲರ್ ಮಧ್ಯಾಹ್ನವೇ ಬೀಳ್ಕೊಟ್ಟಿದ್ದ.

ಹಗರಿಬೊಮ್ಮನಹಳ್ಳಿ: ಅರ್ಧ ಗಡ್ಡ

ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಬಂದು ಒಂದು ಖಾನಾವಳಿ ಸೇರಿದೆ. ನಡೆಸುವಾಕೆಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವುದು ಆಕೆಯ ಕೆಲಸ, ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಕರೆಯುವುದು ನನ್ನದು. ಅಕ್ಕನ ರೆಡಿ ಅಂದರೆ ರೆಡಿ. ರೊಟ್ಟಿ ಹೆಂಚಿನ ಮೇಲೆ ಉಬ್ಬಿದೆ, ತಾಟಿಗೆ ಬಿದ್ದ ಕೂಡಲೇ ತಿನ್ನಬೇಕು. "ಬಿಸಿ ಇದ್ದಾಗನ ಮುಗಿಸಿಬಿಡ್ರಿ" ಅನ್ನುವುದು ಆಕೆಯ ಬಾಯಿಮಾತು.

ನಾನು ಕೊಟ್ಟೂರಿನಿಂದ ಬಂದವನು. ಸಂತೆಯ ದಿನ ಕಟ್ಟೆಯ ಮೇಲೆ ಜನ ತುಂಬಿ ಕೂತಿತ್ತು. ಒಳಗಿನಿಂದ ಅಕ್ಕ "ಊಟ ರೆಡಿ ಅಂತ ಹೇಳೋ" ಅಂದಳು. ನಾನು ಟೇಲರ್ ಮಾಡುತ್ತಿದ್ದ ಹಾಗೆ ಸ್ವಲ್ಪ ನಕ್ಕು, ಜನರ ಕಣ್ಣು ತಪ್ಪಿಸಿ, "ಊಟ ರೆಡಿನೇ ಐತ್ರಿ" ಅಂದೆ.

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ರೆಡಿಯನ್ನು ಅವರೂ ಹತ್ತು ಕಡೆ ಕೇಳಿದವರೇ. ಕುರಿ ವ್ಯಾಪಾರಿಯೊಬ್ಬ ಎದ್ದು ಮೈ ಮುರಿದ. "ರೆಡಿ ಐತಂತ. ಹಂಗಾರ ಗಡ್ಡ ಮಾಡಿಸ್ಕೊಂಡು ಬರ್ತೀನಿ."

"ನಾ ಎತ್ತಿಗೆ ಲಾಳ ಕಟ್ಟಿಸ್ಕೊಂಡ ಬರ್ತೀನಿ ತಡೀ," ಅಂದ ಇನ್ನೊಬ್ಬ.

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಟ್ಟೆ ಖಾಲಿ. ಅಕ್ಕ ರೊಟ್ಟಿಯ ಗೋಪುರ ಹೊತ್ತು ಹೊರಗೆ ಬಂದು ನೋಡಿದಳು.

"ಜನ ಎಲ್ಲೋ?"

"ರೆಡಿ ಅಂದೆ ಅಕ್ಕಾ. ಹೋದರು."

ಅಕ್ಕನಿಗೆ ನನಗಿಂತ ಲೋಕ ಗೊತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಇಳಿದು ಸಂತೆಗೆಲ್ಲ ಕೇಳುವ ಹಾಗೆ ಕೂಗಿದಳು. "ಊಟ ಇನ್ನಾ ರೆಡಿ ಇಲ್ರೋ! ತಡಾ ಐತ್ರೋ!"

ಸಂತೆಯೇ ಎದ್ದು ಬಂತು. ಇಲ್ಲ ಅನ್ನುವವಳು ಸುಳ್ಳು ಹೇಳುವುದಿಲ್ಲ, ಅಂದಮೇಲೆ ಒಲೆ ಹೊತ್ತಿದೆ, ಜಾಗ ಹಿಡಿಯೋಣ ಅಂತ ಒಬ್ಬರ ಮೇಲೊಬ್ಬರು ಬಿದ್ದು ಪಂಕ್ತಿಗೆ ಕೂತರು. ಕುರಿ ವ್ಯಾಪಾರಿ ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಬಂದ. ಅವನ ಹಿಂದೆ ಕತ್ತಿ ಹಿಡಿದ ಕ್ಷೌರದವನೂ ಬಂದು ಪಕ್ಕದಲ್ಲಿ ಕೂತ.

"ತಡಾ ಆದರೂ ಚಿಂತಿಲ್ಲ ಅಕ್ಕಾ, ಕಾಯ್ತೀವಿ," ಅನ್ನುವುದರೊಳಗೆ ವ್ಯಾಪಾರಿಯ ತಾಟಿಗೆ ಬಿಸಿ ರೊಟ್ಟಿ ಬಿತ್ತು. ಅವನು ಬೆರಗಾಗಿ ನೋಡಿದ. "ರೆಡಿ ಇಲ್ಲದ್ದು ಇಷ್ಟು ಲಗೂನ ಆತೈತಾ? ಹಂಗಾರ ರೆಡಿ ಅನ್ನೋದು ಯಾಕ?"

ಪಂಕ್ತಿ ಎದ್ದ ಮೇಲೆ ಅಕ್ಕ ನನ್ನ ಚೀಲ ತಂದು ಕೈಗೆ ಕೊಟ್ಟಳು. "ಸಂತಿ ದಿನ ನನ್ನ ಬಾಯಿಲೆ ಇಲ್ಲ ಅನ್ನಿಸಿದ್ಯಲ್ಲೋ. ನಡಿ." ಉಣ್ಣಿಸಿಯೇ ಕಳಿಸಿದಳು. ಬಿಸಿ ಇತ್ತು.

ಹಡಗಲಿ: ಮಾತಾಡದ ಪ್ಯಾಸೆಂಜರು

ಹಡಗಲಿಯಲ್ಲಿ ಒಬ್ಬ ಸಾವ್ಕಾರನ ಬಸ್ಸಿಗೆ ಕ್ಲೀನರ್ ಆದೆ. ಹಡಗಲಿ ಬಿಟ್ಟರೆ ಹರಪನಹಳ್ಳಿ. ಆಗಿನ ಬಸ್ಸಿನ ರಿವಾಜು ಹೀಗಿತ್ತು. ಬಸ್ಸು ಬಂದು ನಿಲ್ಲುವುದಕ್ಕೆ ಮುಂಚೆಯೇ ಜನ ಕಿಟಕಿಯಿಂದ ಹೆಗಲ ಮೇಲಿನ ವಸ್ತ್ರ ಒಳಗೆ ಒಗೆಯುವರು. ವಸ್ತ್ರ ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಅವರದು. ಕೆಲವರು ರುಮಾಲು, ಕೆಲವರು ಬುತ್ತಿಗಂಟು, ಏನೂ ಇಲ್ಲದವರು ಒಂದು ಚಪ್ಪಲಿ. ಆಮೇಲೆ ನಿಶ್ಚಿಂತೆಯಿಂದ ಚಾ ಕುಡಿಯಲು ಹೋಗುವರು. ಸೀಟಿನ ಮೇಲೆ ವಸ್ತ್ರ ಕೂತರೆ ಮನುಷ್ಯ ಕೂತ ಹಾಗೆ. ಯಾರೂ ಮುಟ್ಟುತ್ತಿರಲಿಲ್ಲ.

ಅವತ್ತು ಡ್ರೈವರ್ ಬೇರೆ ಕಡೆಯಿಂದ ಬಂದ ಹೊಸಬ. ಹತ್ತಿ ಕೂತು ಕೇಳಿದ. "ಎಲ್ಲಾ ರೆಡಿ ಏನೋ?"

ನಾನು ಒಳಗೆ ಇಣುಕಿದೆ. ಒಂದು ಸೀಟೂ ಖಾಲಿ ಇಲ್ಲ. ಆದರೂ ತಲೆ ಕೆಟ್ಟಿತು. ಕೊಟ್ಟೂರಿನ ಲೆಕ್ಕದಲ್ಲಿ ರೆಡಿ ಅಂದರೆ ನಾಳೆ. ಬೊಮ್ಮನಹಳ್ಳಿ ಲೆಕ್ಕದಲ್ಲಿ ಈಗಿಂದೀಗಲೇ. ಟೇಲರನ ಹಾಗೆ ಅಂದದ್ದಕ್ಕೆ ಹಿಂದಿನ ಕೆಲಸ ಹೋಗಿತ್ತು. ಅದಕ್ಕೆ ಈ ಸಲ ಅಕ್ಕನ ಹಾಗೆ ಗಟ್ಟಿಯಾಗಿ, ಡ್ರೈವರನ ಕಣ್ಣಲ್ಲಿ ಕಣ್ಣಿಟ್ಟು, "ರೆಡಿ!" ಅಂತ ಬಸ್ಸಿನ ತಗಡು ಬಡಿದೆ.

ಬಸ್ಸು ಹೊರಟಿತು. ಕಂಡಕ್ಟರೂ ಚಾದಂಗಡಿಯಲ್ಲೇ ಉಳಿದ. ಡ್ರೈವರ್ ಕನ್ನಡಿಯಲ್ಲಿ ನೋಡಿದಾಗೆಲ್ಲ ಸೀಟಿನ ಮೇಲೆ ರುಮಾಲು ಕಾಣುತ್ತಿದ್ದವು, ಜನ ಕೂತಿದ್ದಾರೆ, ಕಂಡಕ್ಟರ್ ಎಲ್ಲೋ ಹಿಂದೆ ಇದ್ದಾನೆ ಅಂದುಕೊಂಡ. ಬಾಗಿಲಲ್ಲಿ ಜೋತುಬಿದ್ದ ನಾನು ಗಾಳಿ ತಗೊಳ್ಳುತ್ತಾ ಹೋದೆ. ಹರಪನಹಳ್ಳಿ ಬಂತು. ಇಳಿದವಳು ಒಬ್ಬಳೇ ಮುದುಕಿ. ಉಚ್ಚಂಗಿದುರ್ಗಕ್ಕೆ ಹೋಗುವವಳು, ಕಣ್ಣು ಮಂಜು.

"ಭಾಳ ಚಲೋ ಬಸ್ಸಪ್ಪಾ," ಅಂದಳು. "ಎಲ್ಲಾರೂ ಮರ್ಯಾದಸ್ಥರು ಅದಾರ. ಒಬ್ಬರೂ ಬೀಡಿ ಸೇದಲಿಲ್ಲ, ಒಬ್ಬರೂ ಜಗಳ ಮಾಡಲಿಲ್ಲ. ಪಾಪ, ಹಂಗ ಮಕ್ಕೊಂಡಾರ, ಎಬ್ಬಿಸಬ್ಯಾಡ."

ಆಗ ಒಳಗೆ ಹತ್ತಿ ಒಂದೊಂದೇ ವಸ್ತ್ರ ಎತ್ತಿ ನೋಡತೊಡಗಿದೆ. ಮೂರನೇ ಸಾಲಿನಲ್ಲಿ ಕೆಂಪು ಅಂಚಿನದು ಒಂದಿತ್ತು. ಎತ್ತಿದರೆ ಹಿಟ್ಟಿನ ಧೂಳು ಹಾರಿತು. ಅದು ಮಾವನ ವಸ್ತ್ರ. ಪಕ್ಕದಲ್ಲಿ ಅತ್ತೆ ಕಟ್ಟಿದ ಬುತ್ತಿ.

ಮಾವ ಅವತ್ತು ಮಗಳಿಗೆ ಗಂಡು ನೋಡಲು ಹಡಗಲಿ ಮೇಲೆ ಹಾದು ಹರಪನಹಳ್ಳಿಗೆ ಹೊರಟಿದ್ದ. ಗಂಡು ಒಂದು ಆಫೀಸಿನ ಗುಮಾಸ್ತ, ಕಾಯಂ ನೌಕರಿ. ಹೊತ್ತು ನೋಡಿ ಬರಲು ಹೇಳಿದ್ದರು. ಆ ಹೊತ್ತಿಗೆ ಸರಿಯಾಗಿ ಮುಟ್ಟಿದ್ದು ಮಾವನ ವಸ್ತ್ರ ಮಾತ್ರ. ಮಾವ ಶೇಂಗಾ ಲಾರಿಯಲ್ಲಿ ಚೀಲದ ಮೇಲೆ ಕೂತು ಸಂಜೆ ಹೋಗಿ ಮುಟ್ಟಿದ, ಬಸ್ಸಿನ ಕತೆಯನ್ನೆಲ್ಲ ಅವರ ಮುಂದೆ ಹೇಳಿಕೊಂಡ. "ಇರಲಿ ಬಿಡ್ರಿ, ನಾವೇ ಹುಡುಗಿ ನೋಡಾಕ ಬರ್ತೀವಿ," ಅಂದರಂತೆ ಗಂಡಿನ ಕಡೆಯವರು.

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಸಾವ್ಕಾರನಿಗೆ ಆ ತೊಂದರೆ ಇರಲಿಲ್ಲ. "ಒಂದೊಂದು ವಸ್ತ್ರ ಅವರವರ ಮನಿಗೆ ಮುಟ್ಟಿಸು. ಮುಟ್ಟಿಸಿ ಮತ್ತ ಬರಬ್ಯಾಡ," ಅಂದ.

ಹಂಪಸಾಗರ: ಮಾವನ ಪಡಸಾಲಿ

ವಸ್ತ್ರ ಹೊತ್ತು ಹಡಗಲಿ, ಇಟ್ಟಿಗಿ ಅಂತ ಊರೂರು ತಿರುಗಿದೆ. ಕೆಂಪು ಅಂಚಿನದನ್ನು ಹೆದರಿಕೆಯಿಂದ ಕೊನೆಗೆ ಇಟ್ಟುಕೊಂಡಿದ್ದೆ. ಹಂಪಸಾಗರಕ್ಕೆ ಹೋದರೆ ಮಾವನ ಪಡಸಾಲೆಯಲ್ಲಿ ಜಮಖಾನ ಹಾಸಿದೆ. ಮೇಲೆ ಗುಮಾಸ್ತ, ಅವನ ಅಪ್ಪ, ಅವನ ಅವ್ವ. ಹುಡುಗಿ ನೋಡಲು ಬಂದಿದ್ದಾರೆ. ಹಿಂದುಗಡೆ ಗಿರಣಿ ಟುಕುಟುಕು ಅನ್ನುತ್ತಿದೆ.

ಮಾವ ನನ್ನನ್ನು ನೋಡಿ ಹಲ್ಲು ಕಡಿದ. ಕೊಟ್ಟೂರು, ಬೊಮ್ಮನಹಳ್ಳಿಯ ಕತೆಗಳನ್ನೆಲ್ಲ ಅವ್ವ ಆಗಲೇ ಬಂದು ಆ ಮನೆಯಲ್ಲಿ ಹೇಳಿ ಹೋಗಿದ್ದಳು. ಬಂದವರ ಮುಂದೆ ಬಯ್ಯಲಾಗದೆ "ಅಲ್ಲೇ ಕುಂದ್ರು" ಅಂದ. ವಸ್ತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಹತ್ತಿರ ಕೂತೆ. ಮಾವನ ಮಗಳು ಸೀರೆ ಉಟ್ಟು ಹೊರಗೆ ಬಂದು ಇವರ ಮುಂದೆ ಕೂತರೆ ಮುಗಿಯಿತು. ನೋಡಿದವರು ಬೇಡ ಅನ್ನುವ ಹಾಗೆ ಆಕೆ ಇರಲಿಲ್ಲ.

"ಆತೇನ?" ಅಂತ ಮಾವ ಒಳಗೆ ಕೂಗಿದ.

"ರೆಡಿ ಅದಾಳ್ರಿ," ಅಂದಳು ಅತ್ತೆ. ಆಕೆಯ ದನಿ ಯಾಕೋ ನಡುಗುತ್ತಿತ್ತು.

ಒಗ್ಗರಣೆ ಮಂಡಕ್ಕಿ ಬಂತು. ತಿಂದರು. "ಆತೇನ?"

"ರೆಡಿನೇ ಅದಾಳ್ರಿ."

ಚಾ ಬಂತು. ಕುಡಿದರು. ಗುಮಾಸ್ತ ಕ್ರಾಪು ಸರಿಮಾಡಿಕೊಂಡ. ಅವನ ಅವ್ವ ಕೇಳಿದಳು. "ಹುಡುಗಿ?"

"ಪೂರಾ ರೆಡಿ ಅದಾಳ್ರಿ."

ನಾನು ನೆಟ್ಟಗೆ ಕೂತೆ. ಈ ಮೆಟ್ಟಿಲುಗಳನ್ನು ನಾನು ಎಲ್ಲೋ ಹತ್ತಿದ್ದೇನೆ. ಮುಂದಿನ ಮೆಟ್ಟಿಲಿಗೆ ಕಾದೆ. ಬಾಳೆಹಣ್ಣಿನ ತಟ್ಟೆ ಬಂದು ಖಾಲಿಯಾಯಿತು. ಗುಮಾಸ್ತನ ಅಪ್ಪ ಸಿಟ್ಟಾಗಿ "ಏನ್ರಿ ಇದು, ಹೊತ್ತು ಮುಳುಗಾಕ ಬಂತು" ಅಂದ. ಈ ಸಲ ಅತ್ತೆಯಲ್ಲ, ಮಗಳದೇ ದನಿ, ಎಲ್ಲೋ ದೂರದಿಂದ ಬಂತು.

"ಪೂರಾ ರೆಡಿ! ಹೂ ಮುಡಿಯೋದಷ್ಟ ಬಾಕಿ!"

ನನ್ನ ಮೈಯೆಲ್ಲ ಹಗುರಾಯಿತು. ಸೀರೆಯ ಮಡಿಕೆಯನ್ನೇ ಬಿಚ್ಚಿಲ್ಲ! ಇಡೀ ಪಡಸಾಲೆಯಲ್ಲಿ ಅದು ತಿಳಿದದ್ದು ನನಗೊಬ್ಬನಿಗೆ, ಯಾಕೆಂದರೆ ಕೊಟ್ಟೂರಿನಲ್ಲಿ ಕಾಜಾ ಹೊಡೆದವನು ಅಲ್ಲಿ ನಾನೊಬ್ಬನೇ.

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ ಕೇಳಿತು. ಹರಪನಹಳ್ಳಿ ಕಡೆ ಹೋಗಲು ಅವತ್ತಿಗೆ ಅದೇ ಕೊನೆಯ ಬಸ್ಸು. ಗುಮಾಸ್ತನ ಅಪ್ಪ ಬಾಗಿಲ ಹತ್ತಿರ ಕೂತಿದ್ದ ನನ್ನನ್ನು ಕೇಳಿದ. "ಹೊರಡಾಕತ್ತೈತೇನಪ್ಪಾ?"

ನಾನು ಎದ್ದು ಬೀದಿ ನೋಡಿದೆ. ಕಟ್ಟೆಯ ಹತ್ತಿರ ಎಮ್ಮೆಯೊಂದು ಅಡ್ಡ ನಿಂತಿತ್ತು, ಡ್ರೈವರ್ ಅದಕ್ಕೆ ಹಾರನ್ ಹೊಡೆಯುತ್ತಿದ್ದ.

"ರೆಡಿ ಐತ್ರಿ," ಅಂದೆ.

ಆ ಮನುಷ್ಯ ನನ್ನ ಮುಖ ನೋಡಿದ, ತೊಡೆಯ ಮೇಲಿಂದ ಕೈಗೆ ಬಂದಿದ್ದ ವಸ್ತ್ರ ನೋಡಿದ. "ಲೇ, ಆವತ್ತು ರೆಡಿ ಅಂದಾಂವ ಇವನ ಅಲ್ಲೇನು? ಏಳ್ರಿ, ಏಳ್ರಿ! ವಸ್ತ್ರ ಒಗೆಯಾಕೂ ಬಿಡಾಂಗಿಲ್ಲ!" ಮೂವರೂ ಎದ್ದು ಓಡಿದರು. ಗುಮಾಸ್ತ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಹೋಗಿ ಬಸ್ಸಿನೊಳಗೆ ಬಿದ್ದ. ಬಸ್ಸು ಆಮೇಲೆ ಬಹಳ ಹೊತ್ತು ಅಲ್ಲೇ ನಿಂತಿತ್ತು. ಎಮ್ಮೆ ಇನ್ನೂ ರೆಡಿ ಇರಲಿಲ್ಲ. ಆದರೆ ಇಳಿದು ಬರಲು ಅವರಿಗೆ ಧೈರ್ಯ ಸಾಲಲಿಲ್ಲ.

ಮಾವ ಪಡಸಾಲೆಯ ನಡುವೆ ಒಬ್ಬನೇ ನಿಂತ. ಅವನಿಗೆ ಆಗ ಒಂದು ವಿಚಾರ ಹೊಳೆಯಿತು. "ನಾ ಇಲ್ಲಿ ಅದೀನಿ. ಗಿರಣಿ ಯಾರು ನಡಸಾಕತ್ತಾರ?"

ಟುಕುಟುಕು ನಿಂತಿತು. ಹಿಂದಿನ ಬಾಗಿಲಿಂದ ಮಗಳು ಬಂದಳು. ಹಳೆಯ ಸೀರೆ, ಮೊಳಕೈ ತನಕ ಹಿಟ್ಟು, ಹುಬ್ಬೂ ಬೆಳ್ಳಗಾಗಿತ್ತು. ಊರಿನ ಜೋಳವನ್ನೆಲ್ಲ ಬೀಸಿ ಮುಗಿಸಿದ್ದಳು.

"ಹೋದ್ರೇನು?" ಅಂದಳು.

ಮಾವ ಸಿಡಿದ. "ಬ್ಯಾಡಾಗಿದ್ದರ ಬ್ಯಾಡ ಅನಬೇಕಿತ್ತು. ಇಲ್ಲ ಅನ್ನಾಕ ನನ್ನ ಮಗಳಿಗೆ ಬಾಯಿಲ್ಲೇನು?"

"ಮನಿಗೆ ಬಂದವರಿಗೆ ಇಲ್ಲ ಅಂತ ಹೆಂಗ ಅನ್ನೋದಪ್ಪಾ?" ಅಂದಳು ಆಕೆ. "ಅದಕ್ಕ ರೆಡಿ ಅಂದೆ."

ಮಾವ ತಿರುಗಿ ಹೆಂಡತಿಯನ್ನು ನೋಡಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ, ಕೈಯಲ್ಲಿದ್ದ ವಸ್ತ್ರ ಕಿತ್ತುಕೊಂಡು ಝಾಡಿಸಿ ಹೆಗಲಿಗೆ ಹಾಕಿದ. ನಮ್ಮಿಬ್ಬರ ನಡುವೆ ಹಿಟ್ಟಿನ ಮೋಡ ಎದ್ದಿತು. ಅದರೊಳಗಿನಿಂದ ಅವನ ದನಿ ಬಂತು.

"ಈ ಗಿರಣಿಯಾಗ ನಿಂದ್ರತೀಯೇನಲೇ? ಎಲ್ಲೂ ಓಡದಂಗ? ಮದಿವಿಗೆ ರೆಡಿ ಅದೀಯೇನು?"

"ರೆಡಿ ಅದೀನಿ ಮಾವ!"

ಮೋಡ ಇಳಿಯಿತು. ಮಾವ ಕಣ್ಣು ಸಣ್ಣದು ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾವ ಊರಿನ ರೆಡಿ?"

ನನ್ನ ತಲೆ ಗಿರ್ರೆಂದಿತು. ಕೂಡ್ಲಿಗಿಯದು ಅಂದರೆ ಓಡಿಹೋದ ಹಾಗೆ. ಕೊಟ್ಟೂರಿನದು ಅಂದರೆ ಮದುವೆಯೇ ಇಲ್ಲ. ಹಡಗಲಿಯದು ಅಂದರೆ ನನ್ನ ವಸ್ತ್ರದ ಜೊತೆ ಆಕೆಯ ಲಗ್ನ. ಬಾಗಿಲಿಗೆ ಒರಗಿ ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತಿದ್ದ ಆಕೆಯೇ ಉತ್ತರ ಕೊಟ್ಟಳು.

"ಬೊಮ್ಮನಹಳ್ಳೀದಪ್ಪಾ. ಬಿಸಿ ಇದ್ದಾಗನ ಮುಗಿಸಿಬಿಡು."